ಹಂಪವ್ವ ಊರಲ್ಲೇ ಉಳಿದ ವರ್ಷ

ಕುಷ್ಟಗಿ ಸೀಮೆಯ ಆ ಹಳ್ಳಿಯಲ್ಲಿ ಮೊದಲ ಇಲಿ ಸತ್ತು ಬಿದ್ದದ್ದು ಗೌಡರ ಜೋಳದ ಹಗೇವಿನ ಬಳಿ. ನಿಜಾಮನ ಕಾಲ, ಸಾವಿರದ ಒಂಬೈನೂರ ಮೂವತ್ತರ ಆಚೀಚೆ. ಪ್ಲೇಗು ಏನೆಂದು ಕಂಡುಂಡ ಜನ. ಸುದ್ದಿ ಕೇಳಿದ್ದೇ ತಡ, ಕೌದಿ, ಕೋಳಿ, ಗಡಿಗೆಗಳನ್ನು ಹೊತ್ತು ಹಳ್ಳದಾಚೆಯ ಹೊಲಗಳಲ್ಲಿ ಗುಡಿಸಲು ಹಾಕತೊಡಗಿದರು.

ಹಂಪವ್ವನಿಗೆ ಹೊರಡಲಾಗಲಿಲ್ಲ. ಗಂಡ ಪಕೀರಪ್ಪ ಗದಗಿನ ಹತ್ತಿ ಕಾರ್ಖಾನೆಗೆ ಕೂಲಿಗೆ ಹೋಗಿದ್ದ. ಮನೆಯಲ್ಲಿ ಮೊಲೆ ಬಿಡದ ಹೆಣ್ಣುಕೂಸು, ಸೊಂಟ ಮುರಿದು ಹಾಸಿಗೆ ಹಿಡಿದ ಅತ್ತೆ ಯಂಕವ್ವ. ಮುದುಕಿಯನ್ನು ಒಯ್ಯಲು ಗೌಡರು ಚಕ್ಕಡಿ ಕಳಿಸಿದರೆ ಅವಳು ಪಡಸಾಲೆಯ ಕಂಬ ತಬ್ಬಿ ಹಿಡಿದಳು. ಹಿಂದಿನ ಪ್ಲೇಗಿನಲ್ಲಿ ಗುಡಿಸಲಿನ ಚಳಿಗೇ ಗಂಡನನ್ನು ಕಳೆದುಕೊಂಡವಳು. ಸತ್ತರೆ ಇಲ್ಲೇ ಸಾಯುತ್ತೇನೆಂದಳು. ಎತ್ತಲು ಬಂದವರು ಅವಳ ನರಳಾಟ ಕೇಳಲಾರದೆ ಕೈಬಿಟ್ಟರು.

ಸಂಜೆ ತಳವಾರ ಓಬಳೆಪ್ಪ ಹಿರಿಯರ ಮಾತು ತಂದ. ಹೊಲಕ್ಕೆ ಬಂದವರು ಮತ್ತೆ ಊರೊಳಗೆ ಕಾಲಿಡುವಂತಿಲ್ಲ, ಊರಲ್ಲಿ ಉಳಿದವರು ಹಳ್ಳ ದಾಟುವಂತಿಲ್ಲ.

"ಅತ್ತ ದರಿ, ಇತ್ತ ಹುಲಿ ಆಗೇತವ್ವ ನಿಂದು," ಎಂದ ಅವನು, ಅಂಗಳದಾಚೆಯೇ ನಿಂತು. "ಹೊತ್ತು ಮುಳುಗೂದ್ರಾಗ ಏನರ ಒಂದು ಮಾಡು."

ಹಂಪವ್ವ ಗಂಟು ಕಟ್ಟಿದಳು, ಬಿಚ್ಚಿದಳು. ಕೂಸನ್ನು ಕಂಕುಳಿಗೇರಿಸಿ ಓಣಿಯ ತುದಿಯವರೆಗೆ ಹೋದಳು. ಮುದುಕಿಗೆ ನೀರು ಕೊಡುವವರಾರು? ತಿರುಗಿ ಬಂದಳು. ಪಕ್ಕದ ಮನೆಯ ಪಿಂಜಾರರ ಶಾಹಜಾದಬಿ, ತನ್ನ ಮೊಲೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಆಗ ತಾನೆ ಹೊರಟಿದ್ದಳು. ಹಂಪವ್ವ ತನ್ನ ಕೂಸನ್ನು ಅವಳ ತೋಳಿಗೆ ಹಾಕಿದಳು.

ಶಾಹಜಾದಬಿ ಅದನ್ನು ಎದೆಗೊತ್ತಿಕೊಂಡಳು. "ಒಂದು ಕೂಸಿಗೆ ಆದ ಹಾಲು ಎರಡಕ್ಕೂ ಆಗ್ತೈತಿ," ಎಂದಳು. "ಒಳಗ ನಡಿ. ಮುದುಕಿ ಕರಿಯಾಕತ್ತಾಳ."

ಬರಿದಾದ ಊರಲ್ಲಿ ಹಂಪವ್ವ ಒಂದು ಕಡೆ ಕೂತವಳಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. ಎದೆ ಕಟ್ಟಿ ನೋಯುತ್ತಿತ್ತು. ಗೋಡೆಗೆ ಮುಖ ಮಾಡಿ ಹಾಲು ಹಿಂಡಿ ಚೆಲ್ಲುವಳು. ಅತ್ತೆಯ ಕಂಕುಳು ಮುಟ್ಟಿ ಗಂಟು ಎದ್ದಿದೆಯೋ ಎಂದು ನೋಡಿ, ಆಮೇಲೆ ತನ್ನದನ್ನು ಮುಟ್ಟಿಕೊಳ್ಳುವಳು. ಬೆಳಗಾದರೆ ಹಳ್ಳದ ದಂಡೆಗೆ ಓಟ. ಆಚೆ ದಂಡೆಯಲ್ಲಿ ಶಾಹಜಾದಬಿ ಕೂಸನ್ನು ಮೇಲೆತ್ತಿ ತೋರಿಸುತ್ತಿದ್ದಳು. ಮೊದಮೊದಲು ಕೂಸು ಕೈಚಾಚಿ ಅಳುತ್ತಿತ್ತು. ಬರಬರುತ್ತ ಅಳು ನಿಂತು, ಅಲ್ಲಿ ಹಾರುವ ಕಾಗೆಗಳನ್ನು ನೋಡತೊಡಗಿತು. ಈ ಮುದುಕಿ ಒಮ್ಮೆ ಕಣ್ಣು ಮುಚ್ಚಬಾರದೇ ಎಂದು ದಾರಿಯಲ್ಲಿ ಅನ್ನಿಸಿದ ದಿನ, ಹಂಪವ್ವ ಮನೆಗೆ ಬಂದು ಅಂಬಲಿಯನ್ನು ಎಂದಿಗಿಂತ ಹೆಚ್ಚೇ ಬಡಿಸಿದಳು.

ಒಂದು ಮಧ್ಯಾಹ್ನ ಅಂಬಲಿ ಕುಡಿಸುವಾಗ ಯಂಕವ್ವ ಸೊಸೆಯ ಮುಖವನ್ನೇ ನೋಡುತ್ತ ಹೇಳಿದಳು:

"ನೀ ಕೂಸಿನ ಹಿಂದ ಹೋಗಬೇಕಿತ್ತು. ನಾನಾಗಿದ್ರ ಹೋಗ್ತಿದ್ದೆ."

ಹಂಪವ್ವ ಉಳಿದ ಅಂಬಲಿಯನ್ನೂ ಕುಡಿಸಿ, ಬಾಯಿ ಒರೆಸಿ ಎದ್ದಳು.

ಬೇನೆ ಇಬ್ಬರನ್ನೂ ಮುಟ್ಟಲಿಲ್ಲ. ಬಿಸಿಲು ಬಲಿತು ಜನ ಮರಳಿದಾಗ ಕೂಸು ಹೆತ್ತವಳನ್ನು ಕಂಡು ಶಾಹಜಾದಬಿಯ ಹೆಗಲಲ್ಲಿ ಮುಖ ಹುದುಗಿಸಿತು. ಶಾಹಜಾದಬಿ ಅದನ್ನು ಬೈದು, ತಾನೇ ಅತ್ತಳು. ಹಂಪವ್ವನ ಹಾಲು ಅಷ್ಟರಲ್ಲಿ ಬತ್ತಿತ್ತು. ಮುಂಗಾರು ಬರುವ ತನಕ ಕೂಸು ಶಾಹಜಾದಬಿಯ ಮನೆಯಲ್ಲೇ ಮಲಗಿತು. ಮುಂದೆಯೂ ಎರಡು ಮನೆಗಳ ನಡುವೆಯೇ ಬೆಳೆಯಿತು.

ಗದಗಿನಿಂದ ಬಂದ ಪಕೀರಪ್ಪ, ತನ್ನವ್ವನನ್ನು ಉಳಿಸಿದ ಪುಣ್ಯಾತಗಿತ್ತಿ ಎಂದು ಹೆಂಡತಿಯನ್ನು ಕಟ್ಟೆಯ ಮೇಲೆ ಕೂತವರೆದುರು ಹೊಗಳಿದ. ಹಂಪವ್ವ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಪಕ್ಕದ ಮನೆಗೆ ಹೋಗಿ, ಒಳಗೆ ರೊಟ್ಟಿ ತಿನ್ನುತ್ತಿದ್ದ ಮಗಳು ತಿಂದು ಮುಗಿಸುವುದನ್ನೇ ಕಾಯುತ್ತ ಬಾಗಿಲ ಬಳಿ ಕೂತಳು.