ಕೇಳುವುದನ್ನು ಬಿಟ್ಟವರು

ಮೊನ್ನೆ ಅಂಗಡಿಯಲ್ಲಿ ಯಾರೋ ಗುರೆಳ್ಳು ಚಟ್ನಿಪುಡಿಯ ಪೊಟ್ಟಣ ಬಿಚ್ಚಿ ಮೂಸಿ ನೋಡುತ್ತಿದ್ದರು. ಬೆಳ್ಳುಳ್ಳಿ ಬೆರೆತ ಆ ವಾಸನೆಗೆ, ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತು ನಿಂತೆ. ಪೀಣ್ಯದ ವಠಾರದಲ್ಲಿ ನಮ್ಮ ಪಕ್ಕದ ಮನೆಯವನ ಬಾಗಿಲಿನಿಂದ ಬರುತ್ತಿದ್ದ ವಾಸನೆ ಅದು...

ತೊಂಬತ್ತರ ದಶಕದ ಮಾತು. ನಾನು ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದೆ. ಅವನು ಗದಗಿನ ಕಡೆಯವನು, ನನಗಿಂತ ಚಿಕ್ಕವನು, ಇನ್ನೊಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮೇಲೆ ಕೆಲಸಕ್ಕಿದ್ದ. ಅವನದೊಂದು ರೂಢಿಯಿತ್ತು. ಯಾರಿಗಾದರೂ ಏನಾದರೂ ಮಾಡಿಕೊಡುತ್ತೇನೆ ಎಂದರೆ ಆ ಗಳಿಗೆಯಲ್ಲೇ ಅವರ ಸೀಮೆಎಣ್ಣೆ ಡಬ್ಬವನ್ನೋ, ಕೆಟ್ಟ ಸ್ಟೌವನ್ನೋ ಎತ್ತಿಕೊಂಡು ಹೋಗಿ ತನ್ನ ಹೊಸ್ತಿಲ ಮೇಲಿಡುತ್ತಿದ್ದ. ನಾನು ನಕ್ಕರೆ, “ಕಾಲಿಗೆ ಎಡವಿದ್ರ ಮರಿಯಂಗಿಲ್ರಿ ಅಣ್ಣಾರ” ಎನ್ನುತ್ತಿದ್ದ.

ನನ್ನ ರೂಢಿ ಬೇರೆ. ಎಲ್ಲರಿಗೂ “ನಾನಿದ್ದೀನಲ್ಲ” ಎನ್ನುತ್ತಿದ್ದೆ. ಹೇಳಿದ್ದೇ ಅರ್ಧ ಮಾಡಿದಂತೆ ಎಂದುಕೊಂಡಿದ್ದೆ. ಹೆಂಡತಿಯ ಸ್ಟೌವಿಗೆ ಬತ್ತಿ ಹಾಕಿಕೊಡುತ್ತೇನೆಂದು ಎಷ್ಟು ಭಾನುವಾರ ಕಳೆದೆನೋ. ಕೊನೆಗೆ ಹಾಕಿದವನು ಅವನು.

ಅವನ ಹೆಂಡತಿ ಬಸುರಿ. ತವರಿನಲ್ಲಿ ನೋಡಿಕೊಳ್ಳುವವರಿಲ್ಲದೆ, ಬಾಣಂತನಕ್ಕೆ ಇಲ್ಲಿಗೇ ಬರುವವಳಿದ್ದಳು. ಊರವರು ರೈಲು ಹತ್ತಿಸುತ್ತಾರೆ, ಬೆಳಗ್ಗೆ ಯಶವಂತಪುರದಲ್ಲಿ ಇಳಿಯುತ್ತಾಳೆ. ಅದೇ ಹೊತ್ತಿಗೆ ಅವನಿಗೆ ಫಸ್ಟ್ ಶಿಫ್ಟ್.

“ರಜಾ ಕೊಡವಲ್ರು ಅಣ್ಣಾರ. ಆಕಿ ಬೆಂಗಳೂರು ಕಂಡಾಕಿ ಅಲ್ಲ.”

“ನಾನಿದ್ದೀನಲ್ಲ ಮಾರಾಯ. ನಂದು ಸೆಕೆಂಡ್ ಶಿಫ್ಟು. ಕರ್ಕೊಂಡು ಬರ್ತೀನಿ, ನೀನು ಆರಾಮಾಗಿ ಹೋಗು.”

ಆ ಬೆಳಗ್ಗೆ ಹೆಂಡತಿ ಎಬ್ಬಿಸಿದಳು. “ರೀ, ಟ್ರೈನ್ ಬರೋ ಹೊತ್ತಾಯ್ತು.”

“ನಮ್ಮ ಟ್ರೈನು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ, ಸುಮ್ನಿರು” ಎಂದು ಮಗ್ಗುಲು ಬದಲಿಸಿದೆ.

ಎದ್ದಾಗ ಬಿಸಿಲು ಒಳಗೆ ಬಂದಿತ್ತು. ಮನೆಯಲ್ಲಿ ಅವಳಿರಲಿಲ್ಲ. ಅಂಗಿ ಸಿಕ್ಕಿಸಿಕೊಂಡು ರಸ್ತೆಗೆ ಓಡಿದೆ. ನನ್ನ ಹೆಂಡತಿ ಟ್ರಂಕನ್ನು ಸೊಂಟದ ಮೇಲಿಟ್ಟುಕೊಂಡು ಬರುತ್ತಿದ್ದಳು. ಪಕ್ಕದಲ್ಲಿ ಆ ಹುಡುಗಿ, ಅವಳ ಭುಜ ಹಿಡಿದು ನಿಧಾನ ಹೆಜ್ಜೆ ಹಾಕುತ್ತಿತ್ತು. ಒಬ್ಬಳೇ ಎಂದೂ ಬಸ್ಸು ಹತ್ತದ ನನ್ನ ಹೆಂಡತಿ, ಪ್ಲಾಟ್‌ಫಾರಂ ಮೇಲೆ ಕಂಡ ಬಸುರಿಯರನ್ನೆಲ್ಲ “ಪೀಣ್ಯಕ್ಕಾ ತಾಯಿ?” ಎಂದು ಕೇಳುತ್ತ ಹೋದಳಂತೆ. ನಾನು ಕೈ ಚಾಚಿದರೂ ಟ್ರಂಕನ್ನು ಕೊಡಲಿಲ್ಲ.

ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವನು ಶಿಫ್ಟ್ ಮುಗಿಸಿ ಎದುರಾದ. ವಠಾರದ ಗೇಟಿನಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡ. “ಬಂದ್ಲಂತಲ್ರಿ. ದೊಡ್ಡ ಉಪಕಾರ ಆತ್ರಿ ಅಣ್ಣಾರ.”

ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. “ಇರಲಿ ಬಿಡಪ್ಪ” ಎಂದುಬಿಟ್ಟೆ.

ಕರೆತಂದವರು ಯಾರೆಂದು ಅವನ ಹೆಂಡತಿ ಅಂದೇ ಹೇಳಿರಬೇಕು. ಅವನು ಮಾತ್ರ ಆ ಬಗ್ಗೆ ಎಂದೂ ಬಾಯಿಬಿಡಲಿಲ್ಲ. ಮೊದಲಿನಂತೆಯೇ ನಗುತ್ತಿದ್ದ, ಹಬ್ಬಕ್ಕೆ ಹೋಳಿಗೆ ತಂದುಕೊಡುತ್ತಿದ್ದ. ಅವಳಿಗೆ ನೋವು ಕಾಣಿಸಿಕೊಂಡದ್ದು ನನ್ನ ವಾರದ ರಜೆಯ ಒಂದು ಮಧ್ಯಾಹ್ನ. ಬಾಗಿಲು ತೆಗೆದವನು ನಾನೇ. ಅವನು ನನ್ನ ಹೆಗಲಾಚೆ ನೋಡಿ, “ಅಕ್ಕಾರ, ಸ್ವಲ್ಪ ಬರ್ತೀರೇನ್ರಿ?” ಎಂದ.

“ಆಟೋ ತರ್ಲೇನಪ್ಪ?” ಎಂದೆ.

“ಹೇಳಿ ಬಂದೇನ್ರಿ. ನೀವು ಕೂಡ್ರಿ.”

ಕೂತೆ. ಗಂಡು ಮಗುವಾಯಿತೆಂದು ಹೆಂಡತಿ ಬಂದು ಹೇಳುವವರೆಗೂ ಹೊಸ್ತಿಲ ಮೇಲೆ ಕೂತೇ ಇದ್ದೆ. ಮಗುವಿಗೆ ವರ್ಷ ತುಂಬುವ ಮೊದಲೇ ಅವರು ಆನೇಕಲ್ ಕಡೆಗೆ ಹೋದರು. ಅಲ್ಲಿಂದ ಎಲ್ಲಿಗೋ... ಹುಡುಕಿಕೊಂಡು ಹೋಗಿ ನಿಜ ಹೇಳಬೇಕೆಂದು ಅನಿಸಿತ್ತು. ಅದನ್ನೂ ಮಾಡಲಿಲ್ಲ.

ಅವನು ನನ್ನಿಂದ ಏನನ್ನೂ ಕೇಳುವುದನ್ನು ಬಿಟ್ಟದ್ದು ಆ ಹೆರಿಗೆಯ ದಿನವೇ ನನಗೆ ತಿಳಿಯಿತು. ಹೆಂಡತಿಯೂ ಬಿಟ್ಟಿದ್ದಳೆಂದು ತಿಳಿಯಲು ಬಹಳ ವರ್ಷ ಹಿಡಿಯಿತು. ಮುಪ್ಪಿನಲ್ಲಿ ಹೊಟ್ಟೆನೋವಿಗೆ ಒಬ್ಬಳೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ನನಗೇಕೆ ಹೇಳಲಿಲ್ಲ ಎಂದರೆ, “ನಿಮಗ್ಯಾಕೆ ತೊಂದ್ರೆ” ಎಂದಳು. ಅದರಲ್ಲಿ ಕೋಪವಿರಲಿಲ್ಲ.

ಹಾಸಿಗೆ ಹಿಡಿದ ಮೇಲೂ ನೀರು ಬೇಕೆಂದು ಕೇಳಲಿಲ್ಲ. ತಾನೇ ಲೋಟದ ಕಡೆ ಕೈ ಚಾಚುತ್ತಿದ್ದಳು. ಹಾಗಾಗಿ ನಾನು ಅವಳ ಕೈಯನ್ನೇ ನೋಡುತ್ತ ಕೂರುವುದನ್ನು ಕಲಿತೆ. ಅದು ಅಲುಗಿದೊಡನೆ ಎದ್ದು ಕೊಡುತ್ತಿದ್ದೆ. ಅವಳು ಹೋಗಿ ಎರಡು ವರ್ಷವಾಯಿತು. ಮನೆಯಲ್ಲಿ ಈಗ ಎಲ್ಲ ಕೆಲಸವೂ ಹೊತ್ತಿಗೆ ಸರಿಯಾಗಿ ಆಗುತ್ತದೆ, ನನಗೊಬ್ಬನಿಗಾಗಿ.