ಉಬ್ಬದ ದೋಸೆ ಹಿಟ್ಟಿನ ದೂರು

"ನೀನು ಹಾಕಿದ ಬಾಯ್ಲರ್ ಸರಿಯಿಲ್ಲ ಕಣಮ್ಮ, ಬೇಗ ಬಾ!"

ಇವತ್ತು ಬೆಳಗ್ಗೆ ಪಕ್ಕದ ಊರು ಪೊರಿರುವಾದಿಂದ ಸರೋಜಾ ಆಂಟಿಯ ಫೋನ್. ಸ್ನೇಹಿತರೇ, ಹದಿನೆಂಟು ವರ್ಷ ನರ್ಸ್ ಆಗಿದ್ದು, ನಲವತ್ತಾರನೇ ವಯಸ್ಸಿನಲ್ಲಿ ಹೀಟಿಂಗ್ ಇಂಜಿನಿಯರ್ ಆದ ನಾನು ಒಬ್ಬಳೇ ನಿಂತು ಹಾಕಿದ ಮೊದಲ ಬಾಯ್ಲರ್ ಅದು. ಹೋದ ವಾರವಷ್ಟೇ ಹಾಕಿದ್ದೆ.

ಸಾಮಾನು ಸಾಗಿಸುವ ನನ್ನ ಯೂಟ್ ಗಾಡಿ ಹತ್ತಿ ಓಡಿದೆ. ಹೋದವಳೇ ನಲ್ಲಿ ತಿರುಗಿಸಿದೆ. ನೀರು ಕೈ ಸುಡುವಷ್ಟು ಬಿಸಿ!

"ನೀರು ಬಿಡು, ಇದನ್ನ ನೋಡು" ಎಂದು ಆಂಟಿ ಬಾಯ್ಲರ್ ಇರುವ ಕಪಾಟಿನಿಂದ ದೊಡ್ಡ ಪಾತ್ರೆಯೊಂದನ್ನು ಹೊರಗೆಳೆದರು. ದೋಸೆ ಹಿಟ್ಟು. ನಿನ್ನೆಯಿಂದ ಅಲ್ಲೇ ಇದ್ದರೂ ಒಂದಿಷ್ಟೂ ಉಬ್ಬಿರಲಿಲ್ಲ. "ಹಳೇ ಬಾಯ್ಲರ್ ಪಕ್ಕ ಇಟ್ರೆ ಎಂಥಾ ಚಳೀಲೂ ಉಕ್ಕಿ ಬರ್ತಿತ್ತು!"

ಹೊಸ ಬಾಯ್ಲರ್ ಮೇಲೆ ಕೈಯಿಟ್ಟೆ. ಹೊರಮೈ ತಣ್ಣಗಿತ್ತು. ಶಾಖವೆಲ್ಲ ಒಳಗೆ, ನೀರಿನಲ್ಲೇ ಉಳಿದಿತ್ತು. ಇಷ್ಟು ವರ್ಷ ಆಂಟಿಯ ಹಿಟ್ಟು ಉಬ್ಬಿದ್ದು ಹಳೆಯದು ಸೋರಿಸುತ್ತಿದ್ದ ಶಾಖದಲ್ಲಿ! ನನಗೆ ನಗು ತಡೆಯಲಾಗಲಿಲ್ಲ.

"ನಗ್ತೀಯಾ? ನಿಮ್ಮ ಬಾಸ್‌ಗೆ ಕಂಪ್ಲೇಂಟ್ ಮಾಡ್ತೀನಿ."

"ಖಂಡಿತ ಮಾಡಿ ಆಂಟಿ. ಆದ್ರೆ ಫೋನಲ್ಲಿ ಬೇಡ, ಬರೆದು ಕೊಡಿ."

ಗೋಡೆಯ ಮೇಲೆ ನನ್ನ ಲೈಸೆನ್ಸ್ ಪಕ್ಕದಲ್ಲೇ ಆ ದೂರಿನ ಫ್ರೇಮಿಗೆ ಜಾಗ ಮಾಡಿಟ್ಟಿದ್ದೇನೆ.