ಕೆಳಗಿನ ನಾಲ್ಕು ಬೆರಳು ಹಲಗೆ

ನಂಬುವವರು ನಂಬಿ, ನಗುವವರು ನಕ್ಕುಬಿಡಿ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಬಳ್ಳಾರಿಯಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಕಟ್ಟಿಗಿಂತ ಪಟ ದೊಡ್ಡದಾದರೆ ಪಟದ ಅಂಚನ್ನೇ ಕತ್ತರಿಸುತ್ತೇವೆ. ಲಕ್ಷ್ಮಿಯ ಕಮಲ, ಶಿವನ ನಂದಿ ಎಷ್ಟು ಹೋಗಿವೆಯೋ!

ಕಳೆದ ಚಳಿಗಾಲದಲ್ಲಿ ಸಿರುಗುಪ್ಪ ಕಡೆಯ ಚರ್ಚೊಂದರ ಉಸ್ತುವಾರಿ ನೋಡುವ ಅಂತೋಣಪ್ಪನವರು ಒಂದು ಹಲಗೆ ತಂದರು. ಚಿನ್ನದ ರೇಕಿನ ಮೇಲೆ, ಕೂಸನ್ನೆತ್ತಿಕೊಂಡ ಮೇರಿಯಮ್ಮ.

"ಇಟಲಿದ್ರೀ ಇದು, ಏಳ್ನೂರು ವರ್ಷದ್ದಂತ. ಯಾರು ಬರದಾರೋ ಯಾರಿಗೂ ಗೊತ್ತಿಲ್ಲ. ಕೆಳಗ ನಾಕು ಬೆರಳು ಖಾಲಿ ಬಿಟ್ಟಾರ, ಹುಳಾನೂ ಹತ್ತೈತಿ. ಅಷ್ಟು ಕೊಯ್ದು ಕಟ್ಟು ಹಾಕ್ರಿ ಅಕ್ಕಾರ. ಮುಂಜಾನೆ ಹಬ್ಬಕ್ಕ ಬೇಕು."

ಆ ಚರ್ಚಿನ ಕೆಲಸವೆಲ್ಲ ನಮಗೇ ಬರುತ್ತಿತ್ತು. "ಆತ್ರೀ" ಎಂದೆ.

ರಾತ್ರಿ ಶಟರ್ ಇಳಿಸಿ ಗರಗಸ ಹಿಡಿದೆ. ಆಗ ಬಂತು ವಾಸನೆ... ಹಸಿ ಮೊಟ್ಟೆಯದು! ನಾವು ಲಿಂಗವಂತರು, ನಮ್ಮ ಹೊಸ್ತಿಲೊಳಗೆ ಮೊಟ್ಟೆ ಬಂದದ್ದೇ ಇಲ್ಲ.

"ಏನವಾ, ತತ್ತಿ ವಾಸನಿ ಬರಾಕತ್ತೈತಲ್ಲ! ಯಾರು ತಂದ್ರು?" ಅಂಗಡಿಯ ಹಿಂದಿನ ನಮ್ಮ ಮನೆಯಿಂದ ಅತ್ತೆ ಕೂಗಿದರು.

"ಯಾರೂ ತಂದಿಲ್ರೀ ಅತ್ತಿ."

ಸರ್ರ್... ಸರ್ರ್... ಕುಂಚ ಎಳೆದಂಥ ಸದ್ದು, ಹಲಗೆಯಿಂದಲೇ. ಹೆದರಿಕೆಗಿಂತ ಮೊದಲು ನನಗೆ ಸಿಟ್ಟು ಬಂತು. ನನ್ನ ಅಂಗಡಿಯಲ್ಲಿ ನನ್ನನ್ನೇ ಹೆದರಿಸುವುದೇ?

"ಯಾವನಲೇ ನೀನು? ಹೆಸರು ಹೇಳು! ಇಲ್ಲಾಂದ್ರ ಕೊಯ್ತೀನಿ!"

ಸದ್ದು ನಿಂತಿತು... ಕಿವಿಯ ಪಕ್ಕದಲ್ಲೇ ಯಾರೋ ಉಸಿರುಬಿಟ್ಟರು. ತುಂಬಾ ದಣಿದವರ ಉಸಿರು. ಹೆಸರು ಮಾತ್ರ ಬರಲಿಲ್ಲ.

ಟಾರ್ಚ್ ಹಿಡಿದು ನೋಡಿದೆ. ಖಾಲಿಯಿದ್ದ ಪಟ್ಟಿಯಲ್ಲಿ ಕೂಸಿನ ಇಳಿಬಿದ್ದ ಪುಟ್ಟ ಪಾದವೊಂದು ಅರ್ಧ ಮೂಡಿತ್ತು. ಮುಟ್ಟಿದೆ. ಬಣ್ಣ ಹಸಿಯಾಗಿತ್ತು. ಗರಗಸ ಕೆಳಗಿಟ್ಟೆ.

ಮುಂಜಾನೆ ಅಂತೋಣಪ್ಪನವರು ಕೆಂಡವಾದರು. "ಯಾಕ ಕೊಯ್ದಿಲ್ಲ? ಇನ್ಮ್ಯಾಲೆ ನಮ್ಮ ಒಂದು ಕೆಲಸಾನೂ ನಿಮಗ ಬರಂಗಿಲ್ಲ ನೋಡ್ರಿ!"

"ಬರದಿದ್ರ ಬ್ಯಾಡ್ರಿ. ನಾ ಕೊಯ್ಯಂಗಿಲ್ಲ, ಬ್ಯಾರೇದೋರಿಗೂ ಕೊಯ್ಯಾಕ ಬಿಡಂಗಿಲ್ಲ."

"ಮಂದಿಗೆ ಏನ್ ಹೇಳ್ಲಿ?"

ಹಲಗೆಯನ್ನು ಎದೆಗವಚಿಕೊಂಡೆ. "ಬರಿಯೋನು ಇನ್ನೂ ಮುಗಿಸಿಲ್ಲಂತ ಹೇಳ್ರಿ."

ಅವರು ಬಗ್ಗಿ ಆ ಪಾದವನ್ನು ಮುಟ್ಟಿದರು. ಬೆರಳು ಮೂಸಿದರು. ಮುಖ ಬಿಳಿಚಿಕೊಂಡಿತು.

"ಆಗಿನೋರು ತತ್ತಿ ಹಳದ್ಯಾಗ ಬಣ್ಣ ಕಲಸ್ತಿದ್ರಂತ..." ಎಂದು ಪಿಸುಗುಟ್ಟಿದರು. ರಾತ್ರಿಯ ವಾಸನೆಯ ಮಾತನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಹಲಗೆ ಇಡಿಯಾಗಿಯೇ ಹೋಯಿತು. ಆ ಪಾದ ಪೂರ್ತಿಯಾಗಿದೆಯೋ ಇಲ್ಲವೋ ನೋಡಿ ಬರಲು ಸಿರುಗುಪ್ಪ ಎಷ್ಟು ದೂರ? ಆದರೂ ನಾನು ಹೋಗಿಲ್ಲ. ಒಮ್ಮೆ ನಾನು ಕೂಗಿದ್ದಕ್ಕೇ ಅವನ ಕುಂಚ ನಿಂತಿತ್ತಲ್ಲ. ಹೋಗುವುದೂ ಇಲ್ಲ.